ಮನೆಯ ಎಂಸಿಬಿ ಪದೇ ಪದೇ ಬೀಳುವುದೇಕೆ? ಕಲಬುರಗಿ ಭಾಗದ ಮನೆಗಳಿಗಾಗಿ ಪ್ರಶ್ನೋತ್ತರ

ಯುಗಾದಿಯ ಹೊತ್ತಿಗೆ ಮೂಲೆಯಲ್ಲಿದ್ದ ಕೂಲರ್ ಹೊರಬಂದೊಡನೆ ಕಲಬುರಗಿ, ಯಾದಗಿರಿ, ಬೀದರ್‌ಗಳ ಮನೆಗಳಲ್ಲಿ ಎಂಸಿಬಿ ಬೀಳುವ ದೂರುಗಳು ಹೆಚ್ಚುತ್ತವೆ. ಎಂಸಿಬಿ ಎಂದರೆ ಕರೆಂಟ್ ಅಳತೆ ಮೀರಿದಾಗ ತಾನಾಗಿ ಕೆಳಗೆ ಬಿದ್ದು ಸಂಪರ್ಕ ಕಡಿಯುವ ಸ್ವಿಚ್. ಬಿದ್ದ ಎಂಸಿಬಿಯನ್ನು ಮೇಲೆತ್ತುವುದು ಎಲ್ಲರಿಗೂ ಗೊತ್ತು. ಅದು ಏಕೆ ಬಿತ್ತು ಎಂದು ವಿಚಾರಿಸುವವರು ಕಡಿಮೆ. ಅದು ಬಿದ್ದ ಹೊತ್ತು, ಬಿದ್ದ ಬಗೆ ಮತ್ತು ಆಗ ಚಾಲೂ ಇದ್ದ ಉಪಕರಣ, ಈ ಮೂರನ್ನು ಗಮನಿಸಿಟ್ಟುಕೊಂಡರೆ ಕಾರಣದ ಹತ್ತಿರಕ್ಕೆ ಬಂದಂತೆಯೇ. ಮುಂದಿನ ಉತ್ತರಗಳನ್ನು ಈ ದೃಷ್ಟಿಯಿಂದಲೇ ಬರೆಯಲಾಗಿದೆ.

ಎಂಸಿಬಿ ಯಾವ ಯಾವ ಕಾರಣಕ್ಕೆ ಬೀಳುತ್ತದೆ?

ಎಂಸಿಬಿಯ ಪುಟ್ಟ ಪೆಟ್ಟಿಗೆಯೊಳಗೆ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ. ಮೊದಲನೆಯದು, ಎರಡು ಲೋಹಗಳನ್ನು ಬೆಸೆದು ಮಾಡಿದ ಒಂದು ಪಟ್ಟಿ. ಅಳತೆ ಮೀರಿದ ಕರೆಂಟ್ ಬಹಳ ಹೊತ್ತು ಹರಿದರೆ ಈ ಪಟ್ಟಿ ಕಾದು ಬಾಗಿ ಸ್ವಿಚ್ಚನ್ನು ಕೆಡವುತ್ತದೆ. ಓವರ್‌ಲೋಡ್ ಆದಾಗ ಕೆಲಸ ಮಾಡುವುದು ಇದೇ. ಇದಕ್ಕೆ ಕೆಲವು ನಿಮಿಷಗಳು ಬೇಕಾಗಬಹುದು. ಎರಡನೆಯದು ತಂತಿಯ ಸುರುಳಿ. ಕರೆಂಟ್ ತರುವ ಫೇಸ್ ಮತ್ತು ಅದನ್ನು ಮರಳಿ ಒಯ್ಯುವ ನ್ಯೂಟ್ರಲ್ ತಂತಿಗಳು ಒಂದಕ್ಕೊಂದು ತಾಗಿ ಶಾರ್ಟ್ ಸರ್ಕ್ಯೂಟ್ ಆದಾಗ ನೂರಾರು ಆಂಪಿಯರ್ ಕರೆಂಟ್ ಒಮ್ಮೆಲೇ ನುಗ್ಗುತ್ತದೆ. ಆಗ ಈ ಸುರುಳಿ ಅಯಸ್ಕಾಂತವಾಗಿ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಹೊತ್ತಿನಲ್ಲಿ ಸ್ವಿಚ್ಚನ್ನು ಎಳೆದು ಕೆಡವುತ್ತದೆ.

ಆದ್ದರಿಂದ ಚಾಲೂ ಮಾಡಿದ ತಕ್ಷಣ ಚಟ್ಟನೆ ಬಿದ್ದರೆ ಮೊದಲು ಶಾರ್ಟ್ ಸರ್ಕ್ಯೂಟನ್ನು ಶಂಕಿಸಬೇಕು; ಹತ್ತು ಹದಿನೈದು ನಿಮಿಷ ನಡೆದು ಬಿದ್ದರೆ ಓವರ್‌ಲೋಡನ್ನು ಶಂಕಿಸಬೇಕು. ಮೂರನೆಯ ಕಾರಣವಾದ ಲೀಕೇಜನ್ನು, ಎಂದರೆ ಕರೆಂಟ್ ತನ್ನ ದಾರಿ ಬಿಟ್ಟು ಗೋಡೆಗೋ ಉಪಕರಣದ ಮೈಗೋ ಮನುಷ್ಯನಿಗೋ ಹರಿಯುವುದನ್ನು, ಎಂಸಿಬಿ ಗುರುತಿಸಲಾರದು. ಅದಕ್ಕೆ ಆರ್‌ಸಿಸಿಬಿ ಎಂಬ, ಸೋರಿಕೆಯನ್ನು ಗುರುತಿಸಿ ಬೀಳುವ ಬೇರೆ ಸ್ವಿಚ್ ಬೇಕು.

ಬಿದ್ದಿರುವುದು ಎಂಸಿಬಿಯೋ ಆರ್‌ಸಿಸಿಬಿಯೋ ಎಂದು ತಿಳಿಯುವುದು ಹೇಗೆ?

ಆರ್‌ಸಿಸಿಬಿಯ ಮೇಲೆ ‘ಟಿ’ ಅಥವಾ ‘ಟೆಸ್ಟ್’ ಎಂದು ಬರೆದ ಚಿಕ್ಕ ಗುಂಡಿ ಇರುತ್ತದೆ ಮತ್ತು ಅದು ಒಂಟಿ ಎಂಸಿಬಿಗಿಂತ ಅಗಲವಾಗಿರುತ್ತದೆ. ಹಳಬರು ಇದನ್ನೇ ಇಎಲ್‌ಸಿಬಿ ಎನ್ನುತ್ತಾರೆ. ಗುಂಡಿ ಇಲ್ಲದ, ಮೇಲೆ ‘ಸಿ 16’, ‘ಬಿ 10’ ಎಂದು ಬರೆದಿರುವವು ಎಂಸಿಬಿಗಳು. ಆ ಸಂಖ್ಯೆ ಎಷ್ಟು ಆಂಪಿಯರ್ ಎಂಬುದನ್ನು ಹೇಳುತ್ತದೆ.

ಬಿದ್ದ ಕೂಡಲೇ ಮೇಲೆತ್ತಬಹುದೇ?

ಒಮ್ಮೆ ಎತ್ತಬಹುದು, ಆದರೆ ಅದಕ್ಕೂ ಮೊದಲು ಸುಟ್ಟ ವಾಸನೆ ಇದೆಯೇ, ಡಿಬಿ ಬಾಕ್ಸ್ (ಎಂಸಿಬಿಗಳನ್ನು ಕೂಡಿಸಿರುವ ಪೆಟ್ಟಿಗೆ) ಅಥವಾ ಯಾವುದಾದರೂ ಸ್ವಿಚ್ ಬೋರ್ಡ್ ಕಪ್ಪಾಗಿದೆಯೇ ಎಂದು ನೋಡಬೇಕು. ಹಾಗಿದ್ದರೆ ಕೈ ಹಚ್ಚದೆ ಮೇನ್ ಸ್ವಿಚ್ ಆರಿಸಿ ವೈರ್‌ಮನ್ ಅವರನ್ನು ಕರೆಯಬೇಕು. ಕೆಲವು ಎಂಸಿಬಿಗಳ ಕೊಂಡಿ ಬಿದ್ದಾಗ ನಡುವೆಯೇ ನಿಲ್ಲುತ್ತದೆ. ಅದನ್ನು ಪೂರ್ತಿ ಕೆಳಕ್ಕೆಳೆದು ಆಮೇಲೆ ಮೇಲೆತ್ತಿದರೆ ಮಾತ್ರ ಕೂಡುತ್ತದೆ. ಓವರ್‌ಲೋಡಿನಿಂದ ಬಿದ್ದಿದ್ದರೆ ಒಳಗಿನ ಪಟ್ಟಿ ಆರುವವರೆಗೆ ಕೆಲವು ನಿಮಿಷ ಕಾಯಬೇಕು.

ಎರಡನೆಯ ಸಲವೂ ಬಿದ್ದರೆ ಮತ್ತೆ ಎತ್ತಬಾರದು. ಕೊಂಡಿಯನ್ನು ಬೆರಳಿನಿಂದ ಒತ್ತಿ ಹಿಡಿಯುವುದರಿಂದಾಗಲೀ, ಟೇಪ್ ಸುತ್ತಿ ನಿಲ್ಲಿಸುವುದರಿಂದಾಗಲೀ ಪ್ರಯೋಜನವಿಲ್ಲ, ಏಕೆಂದರೆ ಕೊಂಡಿ ಮೇಲಿದ್ದರೂ ಒಳಗಿನ ಸಂಪರ್ಕ ತಪ್ಪುವಂತೆಯೇ ಅದನ್ನು ರಚಿಸಲಾಗಿದೆ. ಶಾರ್ಟ್ ಇರುವ ಲೈನಿಗೆ ಮತ್ತೆ ಮತ್ತೆ ಕರೆಂಟ್ ಕೊಟ್ಟರೆ ಪ್ರತಿ ಸಲವೂ ಎಂಸಿಬಿಯ ಒಳಗಿನ ಸಂಪರ್ಕ ಬಿಂದುಗಳು ಸುಡುತ್ತವೆ.

ತಪ್ಪು ಎಲ್ಲಿದೆ ಎಂದು ಮನೆಯವರೇ ಪತ್ತೆ ಹಚ್ಚಬಹುದೇ?

ಡಿಬಿ ಬಾಕ್ಸಿನ ಮುಚ್ಚಳ ಬಿಚ್ಚದೆ, ಸ್ಕ್ರೂ ಡ್ರೈವರ್ ಹಿಡಿಯದೆ ಬಹಳಷ್ಟನ್ನು ಪತ್ತೆ ಹಚ್ಚಬಹುದು. ಕೈ ಒಣಗಿರಲಿ, ಕಾಲಿಗೆ ಚಪ್ಪಲಿ ಇರಲಿ. ಬಿದ್ದ ಎಂಸಿಬಿ ಯಾವ ಕೋಣೆಗಳಿಗೆ ಕರೆಂಟ್ ಕೊಡುತ್ತದೆ ಎಂಬುದನ್ನು ಮೊದಲು ನೋಡಿರಿ. ಅದರ ಮೇಲೆ ಬರೆದಿಲ್ಲವಾದರೆ ಯಾವ ಲೈಟು, ಯಾವ ಪ್ಲಗ್ ಸತ್ತಿದೆ ಎಂಬುದರಿಂದ ತಿಳಿಯುತ್ತದೆ, ತಿಳಿದಾಗಲೇ ಪೆನ್ನಿನಿಂದ ಬರೆದಿಡುವುದು ಒಳ್ಳೆಯದು. ಬಳಿಕ ಆ ಕೋಣೆಗಳ ಎಲ್ಲ ಸ್ವಿಚ್‌ಗಳನ್ನು ಆರಿಸಿ, ಪ್ಲಗ್‌ಗಳನ್ನೆಲ್ಲ ಹೊರತೆಗೆಯಿರಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ತೆಗೆಯಲೇಬೇಕು. ಈಗ ಎಂಸಿಬಿಯನ್ನು ಮೇಲೆತ್ತಿರಿ.

ಎಲ್ಲವನ್ನೂ ತೆಗೆದ ಮೇಲೂ ಅದು ಬಿದ್ದರೆ ದೋಷ ಗೋಡೆಯೊಳಗಿನ ವೈರಿಂಗಿನಲ್ಲಿದೆ, ಸ್ವಿಚ್ ಬೋರ್ಡಿನಲ್ಲಿದೆ ಅಥವಾ ಎಂಸಿಬಿಯಲ್ಲೇ ಇದೆ ಎಂದರ್ಥ. ಮನೆಯವರ ಕೆಲಸ ಅಲ್ಲಿಗೆ ಮುಗಿಯುತ್ತದೆ. ನಿಂತರೆ, ಮೊದಲು ಲೈಟು ಮತ್ತು ಫ್ಯಾನುಗಳನ್ನು, ಆಮೇಲೆ ಚಿಕ್ಕ ಉಪಕರಣಗಳನ್ನು, ಕೊನೆಗೆ ಗೀಸರ್, ಇಸ್ತ್ರಿ, ಕೂಲರ್‌ಗಳನ್ನು ಒಂದೊಂದಾಗಿ, ನಡುವೆ ಒಂದೆರಡು ನಿಮಿಷ ಬಿಟ್ಟು ಚಾಲೂ ಮಾಡಿರಿ. ಯಾವುದನ್ನು ಹಚ್ಚಿದಾಗ ಬೀಳುತ್ತದೆಯೋ ಅದರ ಪ್ಲಗ್ ತೆಗೆದು, ಅದಿಲ್ಲದೆ ಉಳಿದವು ನಡೆಯುತ್ತವೆಯೇ ಎಂದು ಪರೀಕ್ಷಿಸಿರಿ. ನಡೆದರೂ ಅವಸರದ ತೀರ್ಮಾನ ಬೇಡ: ಅದೇ ಉಪಕರಣವನ್ನು ಉಳಿದವುಗಳನ್ನೆಲ್ಲ ಆರಿಸಿ ಒಂದನ್ನೇ ಹಚ್ಚಿದಾಗ ಚೆನ್ನಾಗಿ ನಡೆದರೆ, ಅದರಲ್ಲಿ ದೋಷವಿರುವುದಕ್ಕಿಂತ ಲೈನಿನ ಮೇಲೆ ಒಟ್ಟು ಹೊರೆ ಹೆಚ್ಚಾಗಿರುವ ಸಂಭವವೇ ಜಾಸ್ತಿ.

ಹೊರೆ ಹೆಚ್ಚಾಗಿದೆಯೇ ಎಂದು ಲೆಕ್ಕ ಹಾಕುವುದು ಹೇಗೆ?

ಉಪಕರಣದ ಮೇಲೆ ಬರೆದ ವ್ಯಾಟ್ ಸಂಖ್ಯೆಯನ್ನು 230ರಿಂದ ಭಾಗಿಸಿದರೆ ಅದು ಸುಮಾರು ಎಷ್ಟು ಆಂಪಿಯರ್ ಎಳೆಯುತ್ತದೆ ಎಂಬುದು ಸಿಗುತ್ತದೆ. 2000 ವ್ಯಾಟಿನ ಗೀಸರ್ ಸುಮಾರು 8.7 ಆಂಪಿಯರ್, 1500 ವ್ಯಾಟಿನ ನೀರು ಕಾಯಿಸುವ ರಾಡ್ 6.5 ಆಂಪಿಯರ್, 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ 4.3 ಆಂಪಿಯರ್ ಎಳೆಯುತ್ತವೆ. ಬೀದರ್‌ನ ಚಳಿಗಾಲದ ಮುಂಜಾನೆ ಮಕ್ಕಳು ಶಾಲೆಗೆ ಹೊರಡುವ ಹೊತ್ತಿನಲ್ಲಿ ಈ ಮೂರೂ ಒಂದೇ ಲೈನಿನಲ್ಲಿ ನಡೆದರೆ ಒಟ್ಟು 19.5 ಆಂಪಿಯರ್ ಆಯಿತು.

16 ಆಂಪಿಯರ್ ಎಂಸಿಬಿ ಇಷ್ಟಕ್ಕೆ ಕೂಡಲೇ ಬೀಳುವುದಿಲ್ಲ ಎಂಬುದನ್ನು ಅನೇಕರು ಅರಿಯರು. ನಿಯಮದ ಪ್ರಕಾರ ಮನೆಯ ಎಂಸಿಬಿ ತನ್ನ ಅಳತೆಯ 1.13 ಪಟ್ಟು ಕರೆಂಟಿಗೆ ಒಂದು ಗಂಟೆಯವರೆಗೆ ಬೀಳಬಾರದು, 1.45 ಪಟ್ಟು ಕರೆಂಟಿಗೆ ಒಂದು ಗಂಟೆಯೊಳಗೆ ಬೀಳಲೇಬೇಕು. ಎಂದರೆ 16ರ ಎಂಸಿಬಿ 18 ಆಂಪಿಯರಿಗೆ ನಿಲ್ಲುತ್ತದೆ, 23.2 ಆಂಪಿಯರಿಗೆ ಬೀಳುತ್ತದೆ, ನಡುವಿನದರಲ್ಲಿ ಒಂದು ದಿನ ಬೀಳಬಹುದು, ಇನ್ನೊಂದು ದಿನ ಬೀಳದಿರಬಹುದು. ‘ನಿನ್ನೆ ಇಷ್ಟೇ ಹಚ್ಚಿದ್ದೆವು, ಬಿದ್ದಿರಲಿಲ್ಲ’ ಎಂಬ ಮಾತಿಗೆ ಉತ್ತರ ಇದರಲ್ಲಿದೆ. ಪರಿಹಾರವೆಂದರೆ ಗೀಸರ್‌ಗೆ ಡಿಬಿ ಬಾಕ್ಸಿನಿಂದಲೇ ಪ್ರತ್ಯೇಕ ಲೈನ್ ಎಳೆಸುವುದು. ಅದು ಆಗುವವರೆಗೆ ಒಂದು ಆದ ಮೇಲೆ ಒಂದನ್ನು ಬಳಸುವುದು.

16ರ ಎಂಸಿಬಿ ಪದೇ ಪದೇ ಬೀಳುತ್ತದೆ. ಅದನ್ನು ತೆಗೆದು 32 ಹಾಕಿಸಿದರೆ ಆಗದೇ?

ಆಗದು. ಈ ಪ್ರಶ್ನೆಗೆ ಇಷ್ಟು ನೇರವಾಗಿ ಉತ್ತರಿಸಲು ಕಾರಣವಿದೆ. ಎಂಸಿಬಿ ಕಾಯುವುದು ಉಪಕರಣವನ್ನಲ್ಲ, ಗೋಡೆಯೊಳಗಿನ ತಂತಿಯನ್ನು. ತಂತಿಯ ದಪ್ಪಕ್ಕೆ ತಕ್ಕಂತೆ ಎಂಸಿಬಿಯನ್ನು ಆರಿಸಲಾಗುತ್ತದೆ: ಲೈಟು ಫ್ಯಾನುಗಳ 1.5 ಚದರ ಮಿಲಿಮೀಟರ್ ತಂತಿಗೆ ಸಾಮಾನ್ಯವಾಗಿ 6 ಅಥವಾ 10 ಆಂಪಿಯರ್, ಪವರ್ ಪ್ಲಗ್‌ಗಳ 2.5 ಚದರ ಮಿಲಿಮೀಟರ್ ತಂತಿಗೆ 16 ಆಂಪಿಯರ್, ಎಸಿಯ 4 ಚದರ ಮಿಲಿಮೀಟರ್ ತಂತಿಗೆ 20 ಅಥವಾ 25 ಆಂಪಿಯರ್.

ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಕರೆಂಟ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ. 32ರ ಎಂಸಿಬಿ ಹಾಕಿದ ಮೇಲೆ 2.5ರ ತಂತಿಯಲ್ಲಿ 30 ಆಂಪಿಯರ್ ಗಂಟೆಗಟ್ಟಲೆ ಹರಿದರೂ ತಡೆಯುವವರಿಲ್ಲ. ಮನೆಗಳಲ್ಲಿ ಬಳಸುವ ಸಾಮಾನ್ಯ ಪಿವಿಸಿ ಹೊದಿಕೆ 70 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ತಕ್ಕಂತೆ ಮಾಡಿದ್ದು. ಹೊರಗಿನ ಹವೆಯೇ 42 ಡಿಗ್ರಿ ಇರುವ ನಮ್ಮ ಮೇ ತಿಂಗಳಿನಲ್ಲಿ, ಬಿಸಿಲಿಗೆ ಕಾದ ಗೋಡೆಯೊಳಗೆ ಆ ಮಿತಿ ಮುಟ್ಟಲು ಹೆಚ್ಚು ಹೊತ್ತು ಬೇಕಿಲ್ಲ. ಹೊದಿಕೆ ಮೆತ್ತಗಾಗಿ, ಒಣಗಿ, ಬಿರುಕು ಬಿಟ್ಟು, ಒಂದು ದಿನ ಜಂಕ್ಷನ್ ಬಾಕ್ಸಿನಲ್ಲಿ ಹೊತ್ತಿಕೊಳ್ಳುತ್ತದೆ. ದೊಡ್ಡ ಎಂಸಿಬಿ ಬೇಕೇ ಬೇಕಿದ್ದರೆ ಮೊದಲು ಆ ಲೈನಿನ ತಂತಿಯನ್ನು ದಪ್ಪದ್ದಾಗಿ ಬದಲಿಸಬೇಕು. ಬರಿಯ ಎಂಸಿಬಿ ಬದಲಿಸಿಕೊಡುತ್ತೇನೆ ಎನ್ನುವವರ ಕೈಗೆ ದಯವಿಟ್ಟು ಮನೆಯ ವೈರಿಂಗನ್ನು ಕೊಡಬೇಡಿರಿ.

ಬೇಸಿಗೆಯ ಮಧ್ಯಾಹ್ನ ಮಾತ್ರ ಬೀಳುತ್ತದೆ, ರಾತ್ರಿ ಬೀಳುವುದಿಲ್ಲ. ಏಕೆ?

ಮನೆಯ ಎಂಸಿಬಿಗಳ ಅಳತೆಯನ್ನು 30 ಡಿಗ್ರಿ ಸೆಲ್ಸಿಯಸ್ ಹವೆಗೆ ನಿಗದಿ ಮಾಡಿರುತ್ತಾರೆ. ಸುತ್ತಲಿನ ಶಾಖ ಅದಕ್ಕಿಂತ ಹೆಚ್ಚಿದ್ದಾಗ ಒಳಗಿನ ಪಟ್ಟಿ ಅರ್ಧ ಕಾದೇ ಇರುತ್ತದೆ, ಹಾಗಾಗಿ ಬರೆದ ಅಳತೆಗಿಂತ ಕಡಿಮೆ ಕರೆಂಟಿಗೇ ಬೀಳುತ್ತದೆ. ಡಿಬಿ ಬಾಕ್ಸ್ ಪಡುವಣ ಗೋಡೆಯಲ್ಲಿದ್ದು ಸಂಜೆಯವರೆಗೆ ಬಿಸಿಲು ತಾಗುತ್ತಿದ್ದರೆ ಈ ತೊಂದರೆ ಹೆಚ್ಚು. ಬಿಸಿಲು ಬೀಳದಂತೆ ಮರೆ ಮಾಡಿದರೆ ಕೆಲವು ಮನೆಗಳಲ್ಲಿ ಅಷ್ಟೇ ಸಾಕಾಗುತ್ತದೆ. ಆದರೆ ಒಂದೇ ಎಂಸಿಬಿ ಅಕ್ಕಪಕ್ಕದವುಗಳಿಗಿಂತ ಬಹಳ ಬಿಸಿಯಾಗಿದ್ದರೆ ಅದರ ಸ್ಕ್ರೂ ಸಡಿಲವಾಗಿರುವ ಸಂಭವವಿದೆ. ಸಡಿಲವಾದ ಜೋಡಣೆ ತಾನೇ ಶಾಖ ಹುಟ್ಟಿಸುತ್ತದೆ. ಮೇನ್ ಆರಿಸಿ ಬಿಗಿ ಮಾಡಿಸುವುದು ವೈರ್‌ಮನ್ ಅವರ ಕೆಲಸ.

ಕೂಲರ್ ಹಚ್ಚಿದರೆ ಆರ್‌ಸಿಸಿಬಿ ಬೀಳುತ್ತದೆ. ಆದರೆ ಕೂಲರ್ ಚೆನ್ನಾಗಿಯೇ ಗಾಳಿ ಕೊಡುತ್ತಿದೆಯಲ್ಲ?

ಗಾಳಿ ಕೊಡುವ ಕೂಲರ್ ಸುರಕ್ಷಿತವಾಗಿದೆ ಎಂದು ತಿಳಿಯುವುದು ಅಪಾಯಕಾರಿ. ತಗಡಿನ ಮೈ, ಒಳಗೆ ನೀರು, ನೀರಿನಲ್ಲಿ ಮುಳುಗಿದ ಪಂಪ್, ಸದಾ ತೇವದ ಗಾಳಿಯಲ್ಲಿ ತಿರುಗುವ ಮೋಟಾರ್: ಕರೆಂಟ್ ಸೋರಲು ಬೇಕಾದುದೆಲ್ಲ ಈ ಒಂದೇ ಉಪಕರಣದಲ್ಲಿ ಸೇರಿದೆ. ಮಳೆಗಾಲ, ಚಳಿಗಾಲವೆಲ್ಲ ಮೂಲೆಯಲ್ಲಿ ಕುಳಿತಾಗ ಇಲಿಗಳು ವೈರ್ ಕಡಿದಿರುತ್ತವೆ. ತಗಡಿನ ತೂತಿನ ಅಂಚಿಗೆ ಉಜ್ಜಿ ವೈರಿನ ಹೊದಿಕೆ ಹರಿದಿರುತ್ತದೆ. ಪಂಪಿನ ಜೋಡಣೆಯೊಳಗೆ ನೀರು ಇಳಿದಿರುತ್ತದೆ.

ಹಾಗೆ ಸೋರಿದ ಕರೆಂಟ್ ಕೂಲರಿನ ಮೈಗೆ ಬಂದಾಗ, ಅದನ್ನು ಭೂಮಿಗೆ ಒಯ್ಯುವ ಅರ್ಥಿಂಗ್ ತಂತಿ ಇಲ್ಲದಿದ್ದರೆ ಅದಕ್ಕೆ ಹೋಗಲು ದಾರಿಯಿಲ್ಲ. ಒದ್ದೆ ಕೈಯಿಂದ, ಬರಿಗಾಲಿನಲ್ಲಿ, ನೀರು ಚೆಲ್ಲಿದ ಶಹಾಬಾದ್ ಪರಸಿಯ ಮೇಲೆ ನಿಂತು ಯಾರಾದರೂ ಮುಟ್ಟಿದಾಗ ಅವರ ಮೈಯೇ ದಾರಿಯಾಗುತ್ತದೆ. ಆಗ ದೇಹದ ಮೂಲಕ ನೂರರಿಂದ ಇನ್ನೂರು ಮಿಲಿ ಆಂಪಿಯರ್ ಹರಿಯಬಹುದು. ಎದೆಬಡಿತ ನಿಲ್ಲಲು ಅಷ್ಟು ಸಾಕು. 16 ಆಂಪಿಯರ್ ಎಂಸಿಬಿಗೆ ಅದು 0.2 ಆಂಪಿಯರ್ ಮಾತ್ರ, ಒಂದು ಸಣ್ಣ ಫ್ಯಾನಿನಷ್ಟು ಹೊರೆ. ಅದು ಬೀಳುವುದೇ ಇಲ್ಲ. 30 ಮಿಲಿ ಆಂಪಿಯರ್ ಅಳತೆಯ ಆರ್‌ಸಿಸಿಬಿ ಮಾತ್ರ ಹೋದ ಕರೆಂಟ್ ಮತ್ತು ಮರಳಿ ಬಂದ ಕರೆಂಟ್ ಎರಡನ್ನೂ ತೂಗಿ ನೋಡಿ, ವ್ಯತ್ಯಾಸ 15ರಿಂದ 30 ಮಿಲಿ ಆಂಪಿಯರ್‌ಗೆ ಬಂದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟ್ ಕಡಿಯುತ್ತದೆ. ನಿಮ್ಮ ಮನೆಯಲ್ಲಿ ಅದು ಬೀಳುತ್ತಿದೆ ಎಂದರೆ ಯಾರದೋ ಜೀವಕ್ಕೆ ಬರಬಹುದಾದ ಆಪತ್ತನ್ನು ಅದು ತಡೆಯುತ್ತಿದೆ.

ಪತ್ತೆ ಹಚ್ಚುವುದು ಕಷ್ಟವಲ್ಲ. ಮೊದಲು ಪಂಪ್ ಆರಿಸಿ ಫ್ಯಾನ್ ಮಾತ್ರ ನಡೆಸಿರಿ, ಕೂಲರಿನ ಮೈ ಮುಟ್ಟಬೇಡಿರಿ. ಫ್ಯಾನಿಗೆ ನಿಂತು ಪಂಪಿಗೆ ಬಿದ್ದರೆ ಪಂಪ್ ಬದಲಿಸಿದರಾಯಿತು, ಅದು ಅಗ್ಗದ ವಸ್ತು. ಫ್ಯಾನಿಗೇ ಬಿದ್ದರೆ ಮೋಟಾರ್ ಮತ್ತು ವೈರನ್ನು ಮೆಗ್ಗರ್‌ನಿಂದ, ಎಂದರೆ ಹೊದಿಕೆಯಿಂದ ಕರೆಂಟ್ ಸೋರುತ್ತಿದೆಯೇ ಎಂದು ಅಳೆಯುವ ಉಪಕರಣದಿಂದ, ಪರೀಕ್ಷೆ ಮಾಡಿಸಬೇಕು. ಮೈಗೂ ತಂತಿಗೂ ನಡುವೆ ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಆ ಕೂಲರನ್ನು ಬಳಸಬಾರದು. ಎರಡು ಪಿನ್ನಿನ ಪ್ಲಗ್ ಹಚ್ಚಿದ್ದರೆ ಮೂರು ಪಿನ್ನಿನದು ಹಾಕಿಸಿ, ಅರ್ಥಿಂಗ್ ತಂತಿ ತಗಡಿಗೆ ಸೇರಿದೆಯೇ ಎಂದು ನೋಡಿಸಿರಿ. ಕಿಟಕಿಯ ಹೊರಗೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಟ್ಟ ಕೂಲರ್ ಕಿಟಕಿಯ ಸರಳುಗಳಿಗೆ ತಾಗುತ್ತಿದ್ದರೆ ಸರಳುಗಳಿಗೂ ಕರೆಂಟ್ ಬರುತ್ತದೆ ಎಂಬುದನ್ನು ಮಕ್ಕಳಿರುವ ಮನೆಯವರು ಮರೆಯಬಾರದು.

ನೀರು ತುಂಬುವಾಗ ಪ್ಲಗ್ಗನ್ನೇ ಹೊರತೆಗೆಯಬೇಕು. ವೈರಿಂಗ್ ಅದಲು ಬದಲಾಗಿದ್ದರೆ ಸ್ವಿಚ್ ನ್ಯೂಟ್ರಲ್ಲನ್ನಷ್ಟೇ ಕಡಿಯುತ್ತದೆ, ಆರಿಸಿದ ಮೇಲೂ ಫೇಸ್ ಕೂಲರಿನೊಳಗೆ ಹಾಗೆಯೇ ಇರುತ್ತದೆ.

ಆರ್‌ಸಿಸಿಬಿ ಕಾರಣವಿಲ್ಲದೆ ಬೀಳುತ್ತದೆ, ಅದನ್ನು ತೆಗೆದು ನೇರವಾಗಿ ಜೋಡಿಸುತ್ತೇನೆ ಎಂದು ವೈರ್‌ಮನ್ ಹೇಳುತ್ತಾರೆ. ಒಪ್ಪಬಹುದೇ?

ಒಪ್ಪಬಾರದು. ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು. ನಮ್ಮ ಭಾಗದ ಮನೆಗಳಲ್ಲಿ ಹೆಚ್ಚಾಗಿ ಕಂಡುಬರುವ ಕಾರಣಗಳಲ್ಲಿ ಗೀಸರ್ ಒಂದು. ಬೋರ್‌ವೆಲ್ಲಿನ ಗಡಸು ನೀರಿನಿಂದ ಒಳಗಿನ ಕಾಯಿಲ್ ಮೇಲೆ ಸುಣ್ಣದಂತಹ ಪದರ ಕಟ್ಟುತ್ತದೆ, ಅದರಡಿ ಕಾಯಿಲ್ ಅತಿಯಾಗಿ ಕಾದು ಬಿರುಕು ಬಿಡುತ್ತದೆ, ಬಿರುಕಿನಿಂದ ಕರೆಂಟ್ ನೀರಿಗೆ ಸೋರುತ್ತದೆ. ಇಂತಹ ಗೀಸರ್ ಹಚ್ಚಿ ಕೆಲವು ನಿಮಿಷಗಳಾದ ಮೇಲೆ ಆರ್‌ಸಿಸಿಬಿ ಬೀಳುವುದುಂಟು.

ಇನ್ನೊಂದು ಕಾರಣ ಇನ್ವರ್ಟರ್. ಇನ್ವರ್ಟರ್ ಲೈನಿನ ನ್ಯೂಟ್ರಲ್ ಮತ್ತು ಮನೆಯ ಉಳಿದ ಲೈನಿನ ನ್ಯೂಟ್ರಲ್ ಎಲ್ಲೋ ಒಂದು ಬೋರ್ಡಿನಲ್ಲಿ ಕೂಡಿಹೋಗಿದ್ದರೆ, ಹೋದ ಕರೆಂಟ್ ಬೇರೆ ದಾರಿಯಿಂದ ಮರಳುತ್ತದೆ. ಯಾವ ಸೋರಿಕೆಯೂ ಇಲ್ಲದೆ ಆರ್‌ಸಿಸಿಬಿ ಬೀಳುತ್ತದೆ. ಮನೆಗೆ ಇನ್ವರ್ಟರ್ ಬಂದ ಮೇಲೆ ತೊಂದರೆ ಆರಂಭವಾಗಿದ್ದರೆ ಮೊದಲು ಇದನ್ನೇ ನೋಡಿಸಬೇಕು.

ಮೂರನೆಯದು ನ್ಯೂಟ್ರಲ್ ತಂತಿ ಅರ್ಥಿಂಗ್ ತಂತಿಗೆ ತಾಗಿರುವುದು. ಇದು ವೈರ್‌ಮನ್‌ಗಳನ್ನೂ ಕಾಡುವ ದೋಷ. ಎಲ್ಲ ಎಂಸಿಬಿಗಳನ್ನು ಕೆಳಗಿಳಿಸಿದ ಮೇಲೂ ಆರ್‌ಸಿಸಿಬಿ ಬೀಳಬಹುದು, ಏಕೆಂದರೆ ಒಂಟಿ ಪೋಲ್ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್‌ಗಳೆಲ್ಲ ಕೂಡಿಕೊಂಡೇ ಇರುತ್ತವೆ. ಆಗ ಮೇನ್ ಆರಿಸಿ, ನ್ಯೂಟ್ರಲ್ ಪಟ್ಟಿಯಿಂದ ಒಂದೊಂದೇ ತಂತಿ ಬಿಡಿಸಿ ಪರೀಕ್ಷಿಸಬೇಕಾಗುತ್ತದೆ. ಅರ್ಧ ದಿನ ಹಿಡಿಯುವ ಕೆಲಸವಾದರೂ ಅದಕ್ಕೆ ಕೊಡುವ ಕೂಲಿ ದಂಡವಲ್ಲ.

ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿರಿ. ಕರೆಂಟ್ ಇದ್ದಾಗ ಒತ್ತಿದರೂ ಬೀಳದಿದ್ದರೆ ಬದಲಿಸಲೇಬೇಕು.

ಮಳೆ ಬಂದಾಗ ಮಾತ್ರ ಬೀಳುತ್ತದೆ. ಇದಕ್ಕೇನು?

ಗೋಡೆಯೊಳಗೆ ನೀರು ಇಳಿಯುತ್ತಿದೆ. ಬೀದರ್‌ನ ಹಳೆಯ ಜಂಬಿಟ್ಟಿಗೆ ಗೋಡೆಗಳು ನೀರು ಹೀರುತ್ತವೆ. ಕಲಬುರಗಿ ಕಡೆಯ ಕಲ್ಲಿನ ಮನೆಗಳ ಮಾಳಿಗೆಯ ಸಂದಿಯಿಂದ ನೀರು ಪೈಪಿನೊಳಗೆ ಇಳಿಯುತ್ತದೆ. ಹೊರಗೋಡೆಯ ಲೈಟು, ಕರೆಗಂಟೆಯ ಸ್ವಿಚ್, ಮಾಳಿಗೆಯ ಮೇಲಿನ ಪ್ಲಗ್, ಇವುಗಳಲ್ಲಿಯೇ ದೋಷ ಹೆಚ್ಚಾಗಿ ಸಿಗುತ್ತದೆ. ಬಿಸಿಲು ಬಿದ್ದು ಒಣಗಿದ ಮೇಲೆ ತಾನಾಗಿ ಸರಿಹೋದರೂ ಮೃಗಶಿರಾ ಮಳೆಗೆ ಮೊದಲೇ ರಿಪೇರಿ ಮಾಡಿಸಿಕೊಳ್ಳಬೇಕು.

ಕರೆಂಟ್ ಹೋಗಿ ಬಂದ ಕ್ಷಣದಲ್ಲಿ ಬೀಳುತ್ತದೆ.

ಮೋಟಾರ್ ಇರುವ ಉಪಕರಣಗಳು ಆರಂಭದ ಕ್ಷಣದಲ್ಲಿ ನಡೆಯುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತವೆ; ಫ್ರಿಜ್, ಎಸಿ, ಕೂಲರ್, ಮೋಟಾರ್ ಎಲ್ಲವೂ ಒಟ್ಟಿಗೆ ಎದ್ದರೆ ಎಂಸಿಬಿ ಅದನ್ನು ಶಾರ್ಟ್ ಎಂದು ತಿಳಿಯಬಹುದು. ಬಿ ವರ್ಗದ ಎಂಸಿಬಿ ತನ್ನ ಅಳತೆಯ 3ರಿಂದ 5 ಪಟ್ಟಿಗೆ, ಸಿ ವರ್ಗದ್ದು 5ರಿಂದ 10 ಪಟ್ಟಿಗೆ ಕೂಡಲೇ ಬೀಳುತ್ತದೆ. ಆದ್ದರಿಂದ ಮೋಟಾರ್ ಇರುವ ಲೈನಿಗೆ ಅದೇ ಆಂಪಿಯರಿನ ಸಿ ವರ್ಗದ್ದು ಯೋಗ್ಯ. ಕರೆಂಟ್ ಹೋದಾಗ ಎಸಿಯನ್ನು ಆರಿಸಿಟ್ಟು, ಬಂದು ಮೂರು ನಾಲ್ಕು ನಿಮಿಷವಾದ ಮೇಲೆ ಹಚ್ಚುವುದು ಕಂಪ್ರೆಸರ್‌ಗೂ ಒಳ್ಳೆಯದು.

ನೀರಿನ ಮೋಟಾರ್ ಗುಂಯ್ ಎಂದು ಸದ್ದು ಮಾಡಿ ಎಂಸಿಬಿ ಬೀಳುತ್ತದೆ.

ಸದ್ದು ಮಾಡಿ ತಿರುಗದಿದ್ದರೆ ಹೆಚ್ಚಾಗಿ ಕೆಪಾಸಿಟರ್ ಕೆಟ್ಟಿರುತ್ತದೆ, ಇಲ್ಲವೇ ಮೋಟಾರ್ ಬಿಗಿ ಹಿಡಿದಿರುತ್ತದೆ. ಬೇಸಿಗೆಯಲ್ಲಿ ವೋಲ್ಟೇಜ್ ಬಹಳ ಇಳಿದಾಗಲೂ ಹೀಗಾಗುವುದುಂಟು. ಆ ಹೊತ್ತಿನಲ್ಲಿ ಮತ್ತೆ ಮತ್ತೆ ಪ್ರಯತ್ನಿಸಿದರೆ ವೈಂಡಿಂಗ್ ಸುಡುತ್ತದೆ.

ಅರ್ಥಿಂಗ್ ಸರಿಯಿದೆಯೇ ಎಂಬುದಕ್ಕೂ ಇದಕ್ಕೂ ಸಂಬಂಧವೇನು?

ಉಪಕರಣದ ಮೈಗೆ ಫೇಸ್ ತಾಗಿದ ಕೂಡಲೇ ಎಂಸಿಬಿ ಅಥವಾ ಆರ್‌ಸಿಸಿಬಿ ಬೀಳಬೇಕಾದರೆ ಆ ಕರೆಂಟಿಗೆ ಭೂಮಿಗೆ ಹೋಗುವ ಒಳ್ಳೆಯ ದಾರಿ ಬೇಕು. ನಮ್ಮ ಕಪ್ಪು ಎರೆಮಣ್ಣು ತೇವವಿದ್ದಾಗ ಕರೆಂಟನ್ನು ಚೆನ್ನಾಗಿ ಒಯ್ಯುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ಹಿಡಿಸುವಷ್ಟು ಬಿರುಕು ಬಿಟ್ಟಾಗ ಅರ್ಥಿಂಗ್ ಪೈಪಿನಿಂದ ದೂರ ಸರಿಯುತ್ತದೆ. ಕೂಲರ್ ಹೆಚ್ಚು ನಡೆಯುವ ತಿಂಗಳುಗಳಲ್ಲಿಯೇ ಅರ್ಥಿಂಗ್ ದುರ್ಬಲವಾಗುವುದು ಈ ನೆಲದ ಕಷ್ಟ. ಅರ್ಥಿಂಗ್ ಗುಂಡಿಗೆ ಮಾರ್ಚಿನಿಂದ ಜೂನ್‌ವರೆಗೆ ನಿಯಮಿತವಾಗಿ ನೀರು ಹಾಕಿರಿ.

ಅರ್ಥಿಂಗ್ ಇಲ್ಲದ ಮನೆಯಲ್ಲಿ ಪ್ಲಗ್ಗಿನ ಅರ್ಥಿಂಗ್ ಪಿನ್ನಿಗೆ ನ್ಯೂಟ್ರಲ್ ತಂತಿಯನ್ನೇ ಜೋಡಿಸುವ ಪದ್ಧತಿ ಕೆಲವೆಡೆ ಇದೆ. ನ್ಯೂಟ್ರಲ್ ಎಲ್ಲಿಯಾದರೂ ಕಡಿದ ದಿನ ಮನೆಯ ಪ್ರತಿ ಲೋಹದ ಉಪಕರಣದ ಮೈಗೂ 230 ವೋಲ್ಟ್ ಬರುತ್ತದೆ. ಇದನ್ನು ಕಂಡ ಕೂಡಲೇ ತೆಗೆಸಬೇಕು.

ಎಂಸಿಬಿಯೇ ಕೆಟ್ಟಿರಬಹುದೇ?

ಇರಬಹುದು, ಆದರೆ ಉಳಿದ ಎಲ್ಲವನ್ನೂ ನೋಡಿದ ಮೇಲೆ ಬರಬೇಕಾದ ತೀರ್ಮಾನವಿದು. ಹಲವು ಸಲ ಶಾರ್ಟ್ ತಡೆದ ಎಂಸಿಬಿ, ಕೊಂಡಿ ಸಡಿಲವಾದದ್ದು, ಹೊರೆ ಇಲ್ಲದೆಯೂ ಬೀಳುವಂಥದ್ದು ಬದಲಾವಣೆಗೆ ಅರ್ಹ. ಹೊಸದನ್ನು ಕೊಳ್ಳುವಾಗ ಐಎಸ್‌ಐ ಗುರುತು ನೋಡಿ, ಬಿಲ್ ಪಡೆದು, ಅದೇ ಆಂಪಿಯರಿನದನ್ನೇ ತನ್ನಿರಿ.

ಎಂಸಿಬಿ ಬಿದ್ದಿಲ್ಲ, ಆದರೆ ಕೆಲವು ಲೈಟು ಬಹಳ ಪ್ರಖರವಾಗಿ, ಕೆಲವು ಮಂದವಾಗಿ ಉರಿಯುತ್ತಿವೆ. ಏನು ಮಾಡಬೇಕು?

ಕೂಡಲೇ ಮೇನ್ ಸ್ವಿಚ್ ಆರಿಸಿರಿ. ಕಂಬದಲ್ಲಿ ಅಥವಾ ಮೂರು ಫೇಸ್ ಇರುವ ಮನೆಯ ಮೇನ್ ಬಳಿ ನ್ಯೂಟ್ರಲ್ ಕಡಿದಾಗ ಹೀಗಾಗುತ್ತದೆ. ಕೆಲವು ಲೈನುಗಳಲ್ಲಿ ವೋಲ್ಟೇಜ್ 300 ದಾಟಬಹುದು. ಕರೆಂಟ್ ಅಳತೆ ಮೀರದ ಕಾರಣ ಎಂಸಿಬಿ ಬೀಳದೆ ನಿಂತಿರುತ್ತದೆ, ಟಿವಿ ಮತ್ತು ಫ್ರಿಜ್‌ಗಳು ಸುಡುತ್ತವೆ. ಅಕ್ಕಪಕ್ಕದ ಮನೆಗಳಲ್ಲಿಯೂ ಹಾಗೆಯೇ ಇದ್ದರೆ ದೋಷ ಹೊರಗಿನ ಲೈನಿನಲ್ಲಿದೆ. ನಮ್ಮ ಭಾಗಕ್ಕೆ ಕರೆಂಟ್ ಪೂರೈಸುವ ಕಂಪನಿಯಾದ ಜೆಸ್ಕಾಂನ ಸಹಾಯವಾಣಿ 1912ಕ್ಕೆ ಕರೆ ಮಾಡಿ, ಮೀಟರಿನ ಆರ್‌ಆರ್ ಸಂಖ್ಯೆ ಮತ್ತು ಓಣಿಯ ಹೆಸರು ಹೇಳಿ ದೂರು ದಾಖಲಿಸಿರಿ. ಮೀಟರಿನ ಹಿಂದಿನ ಫ್ಯೂಸ್, ಸರ್ವಿಸ್ ವೈರ್ ಮತ್ತು ಕಂಬಕ್ಕೆ ನೀವಾಗಲೀ ನಿಮ್ಮ ಖಾಸಗಿ ವೈರ್‌ಮನ್ ಅವರಾಗಲೀ ಕೈ ಹಚ್ಚಬಾರದು. ಲೈನ್‌ಮನ್ ಸರಿಪಡಿಸಿ ಹೋದ ಮೇಲೆ, ಎಲ್ಲ ಪ್ಲಗ್‌ಗಳನ್ನು ತೆಗೆದಿಟ್ಟು, ಮೊದಲು ಒಂದು ಲೈಟು ಮಾತ್ರ ಹಚ್ಚಿ ಅದು ಎಂದಿನಂತೆ ಉರಿಯುತ್ತದೆ ಎಂದು ಖಚಿತಪಡಿಸಿಕೊಂಡು ಉಳಿದವನ್ನು ಚಾಲೂ ಮಾಡಿರಿ.